ಗಾಂಧಾರ ಸೇರಿಸಿದ ತಂಬೂರಿ

ಮಾಮೂಲಿ ಗಿಟಾರ್‌ನಲ್ಲಿ ನಾಲ್ಕಾರು ಹಾಡು ನುಡಿಸಲು ಬರುವ ಹುಡುಗರು ಸ್ಲೈಡ್ ಗಿಟಾರ್ ಮುಂದೆ ಕೂತಾಗ ಕೇಳುವ ಮೊದಲ ಪ್ರಶ್ನೆ ಮಂಡ್ಯದಲ್ಲೂ ಅದೇ, ಮಳವಳ್ಳಿಯಲ್ಲೂ ಅದೇ: ‘ಬೆರಳು ಒತ್ತಂಗೇ ಇಲ್ಲ ಅಂದ್ಮೇಲೆ ಕಾರ್ಡ್ ಹೆಂಗ್ ಹಿಡಿಯೋದು ಸಾ?’ ನ್ಯಾಯವಾದ ಪ್ರಶ್ನೆ. ಅವರು ಅಲ್ಲಿಯವರೆಗೆ ಕಲಿತದ್ದೆಲ್ಲ ಎಡಗೈ ಬೆರಳುಗಳ ಭಂಗಿಗಳನ್ನು. ಸಿ ಕಾರ್ಡಿಗೆ ಒಂದು ಭಂಗಿ, ಜಿ ಕಾರ್ಡಿಗೆ ಇನ್ನೊಂದು, ಎಫ್‌ಗೆ ಬೆರಳು ಸೆಟೆದುಕೊಳ್ಳುವಂಥ ಮತ್ತೊಂದು. ಸ್ಲೈಡ್‌ನಲ್ಲಿ ಇವೆಲ್ಲ ರದ್ದು. ಗಿಟಾರ್ ತೊಡೆಯ ಮೇಲೆ ಅಂಗಾತ ಮಲಗಿರುತ್ತದೆ. ಎಡಗೈಯಲ್ಲಿ ಒಂದು ಉಕ್ಕಿನ ಬಾರ್. ಅದು ತಂತಿಯನ್ನು ಒತ್ತುವುದಿಲ್ಲ, ಮುಟ್ಟಿಕೊಂಡು ಜಾರುತ್ತದೆ, ಅಷ್ಟೆ. ನಾಲ್ಕು ಬೆರಳು ನಾಲ್ಕು ಕಡೆ ನಿಂತು ಮಾಡುತ್ತಿದ್ದ ಕೆಲಸವನ್ನು ಬಗ್ಗದ, ಮಣಿಯದ ಒಂದು ಉಕ್ಕಿನ ತುಂಡು ಮಾಡಬೇಕು.

ಉತ್ತರ ಇರುವುದು ಬಿರಡೆಗಳಲ್ಲಿ. ಮಾಮೂಲಿ ಗಿಟಾರ್‌ನ ಆರು ತಂತಿಗಳು ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ, ಬಿ, ಇ. ಖಾಲಿ ತಂತಿಗಳನ್ನು ಒಟ್ಟಿಗೆ ಮೀಟಿದರೆ ಹಾಡಿಗೆ ಒದಗುವ ಕಾರ್ಡ್ ಯಾವುದೂ ಹುಟ್ಟುವುದಿಲ್ಲ. ಈಗ ಮೂರು ಬಿರಡೆ ಸಡಿಲಿಸಿ: ಆರನೇ ತಂತಿಯನ್ನು ಇ ಯಿಂದ ಡಿ ಗೆ, ಐದನೆಯದನ್ನು ಎ ಯಿಂದ ಜಿ ಗೆ, ಮೊದಲನೆಯದನ್ನು ಇ ಯಿಂದ ಡಿ ಗೆ ಇಳಿಸಿ. ಉಳಿದ ಮೂರನ್ನು ಮುಟ್ಟಬೇಡಿ. ಆಗ ಸಿಗುವುದು ಡಿ-ಜಿ-ಡಿ-ಜಿ-ಬಿ-ಡಿ. ಜಿ ಯನ್ನು ಷಡ್ಜ ಎಂದಿಟ್ಟುಕೊಂಡರೆ ಪ-ಸ-ಪ-ಸ-ಗ-ಪ. ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒಮ್ಮೆ ಎಳೆದರೆ, ಎಡಗೈ ಜೇಬಿನಲ್ಲಿದ್ದರೂ, ಪೂರ್ತಿ ಜಿ ಮೇಜರ್ ಕಾರ್ಡ್ ಮೊಳಗುತ್ತದೆ. ಹೆಣ್ಣುಮಕ್ಕಳು ಹಾಡುವ ಐದು ಮನೆ ಶ್ರುತಿ ಅದೇ.

ಆ ಸ್ವರಗಳ ಸಾಲನ್ನು ಇನ್ನೊಮ್ಮೆ ನೋಡಿ. ಪ, ಸ, ಮತ್ತೆ ಪ, ಮತ್ತೆ ಸ. ಕಛೇರಿಯಲ್ಲಿ ಗಾಯಕರ ಬೆನ್ನ ಹಿಂದೆ ಕೂತು ಮೀಟುವ ತಂಬೂರಿಯ ಶ್ರುತಿ ಅಲ್ಲವೆ ಇದು? ಹೊಸದಾಗಿ ಸೇರಿದ್ದು ಗಾಂಧಾರದ ತಂತಿ ಒಂದೇ. ಆ ಗಾಂಧಾರವೂ ಹೊರಗಿನಿಂದ ಬಂದದ್ದಲ್ಲ. ಯಾವುದೇ ತಂತಿ ಮಿಡಿದಾಗ ತನ್ನ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳನ್ನೂ ಸಣ್ಣಗೆ ಹೊರಡಿಸುತ್ತದೆ. ಷಡ್ಜದ ತಂತಿಯ ಮೂರರಷ್ಟು ಕಂಪನ ಪಂಚಮ, ಐದರಷ್ಟು ಕಂಪನ ಅಂತರ ಗಾಂಧಾರ. ಕುದುರೆಯ ಮೇಲೆ ನೂಲು ಸರಿಯಾಗಿ ಕೂತು ಶ್ರುತಿ ಶುದ್ಧವಾಗಿದ್ದರೆ ತಂಬೂರಿಯಲ್ಲಿ ಯಾರೂ ಕಟ್ಟದ ಆ ಗಾಂಧಾರ ತಾನೇ ತಾನಾಗಿ ಕೇಳಿಬರುತ್ತದೆ. ವಿದ್ವಾಂಸರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಪಾಶ್ಚಾತ್ಯರ ಮೇಜರ್ ಕಾರ್ಡ್ ಎಂದರೆ ಇದೇ ಸ-ಗ-ಪ. ತಂಬೂರಿಯಲ್ಲಿ ಅಡಗಿ ಕೇಳಿಸುವುದನ್ನು ಸ್ಲೈಡ್ ಗಿಟಾರ್‌ನವರು ಒಂದು ತಂತಿ ಕೊಟ್ಟು ಎದುರಿಗೆ ಕೂರಿಸಿಕೊಂಡಿದ್ದಾರೆ.

ಮಳವಳ್ಳಿ ಸೀಮೆಯವರಿಗಂತೂ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಮಂಟೇಸ್ವಾಮಿ ಪರಂಪರೆಯ ಬೊಪ್ಪೇಗೌಡನಪುರ ಇರುವುದು ಇದೇ ತಾಲ್ಲೂಕಿನಲ್ಲಿ. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ದನಿಯಲ್ಲಿ ಮಂಟೇಸ್ವಾಮಿ, ಮಾದಪ್ಪನ ಕಥೆಗಳನ್ನು ಕೇಳಿದವರಿಗೆ ಗೊತ್ತು, ಆ ಕಥೆಗಳನ್ನು ಹಾಡುವ ನೀಲಗಾರರ ಕೈಯಲ್ಲಿ ತಂಬೂರಿ ಬರೀ ಶ್ರುತಿ ಹಿಡಿಯುವ ವಾದ್ಯವಾಗಿ ಉಳಿದಿಲ್ಲ. ಗಗ್ಗರ, ತಾಳಗಳ ಜೊತೆ ಸೇರಿ ಅದು ಲಯವನ್ನೂ ಹೊರುತ್ತದೆ. ಶ್ರುತಿಯನ್ನೇ ತಾಳಕ್ಕೆ ತಕ್ಕಂತೆ ಮೀಟಿ ಹಾಡಿಗೆ ಬೆನ್ನೆಲುಬು ಕೊಡುವುದು ಅವರ ದಾರಿ. ಕಾರ್ಡ್ ಬಾರಿಸುವ ಗಿಟಾರ್‌ನವನೂ ಮಾಡಬೇಕಾದ್ದು ಅಷ್ಟೇ. ಸ್ಲೈಡ್ ಕಲಿಯುವವರಿಗೆ ನನ್ನ ಮೊದಲ ಸಲಹೆ: ಬಾರ್ ಕೈಗೆ ತಗೊಳ್ಳುವ ಮೊದಲು ಖಾಲಿ ತಂತಿಗಳನ್ನೇ ಆದಿತಾಳಕ್ಕೆ, ರೂಪಕಕ್ಕೆ, ಆಮೇಲೆ ನಿಮ್ಮೂರಿನ ಪೂಜಾ ಕುಣಿತದ ಗತ್ತಿಗೆ ಮೀಟುತ್ತ ಕೂರಿ. ಬಲಗೈ ಪಳಗದಿದ್ದರೆ ಎಡಗೈ ಎಷ್ಟು ಜಾರಿದರೂ ಅದು ಹಾಡಾಗುವುದಿಲ್ಲ.

ಈಗ ಬಾರ್ ಇಡೋಣ. ಐದನೇ ಫ್ರೆಟ್‌ನ ಮೇಲೆ ಆರೂ ತಂತಿಗೆ ಅಡ್ಡಲಾಗಿ ನೇರ ಇಟ್ಟರೆ ಪ್ರತಿ ತಂತಿಯೂ ಐದು ಅರೆಸ್ವರ ಏರುತ್ತದೆ. ಸ-ಗ-ಪ ಇದ್ದದ್ದು ಮ-ದ-ಸ ಆಗುತ್ತದೆ. ಅದು ಸಿ ಮೇಜರ್. ಏಳನೇ ಫ್ರೆಟ್‌ನಲ್ಲಿ ಪ-ನಿ-ರಿ, ಅಂದರೆ ಡಿ ಮೇಜರ್. ಹನ್ನೆರಡರಲ್ಲಿ ಮತ್ತೆ ಸ-ಗ-ಪ, ಒಂದು ಸ್ಥಾಯಿ ಮೇಲೆ. ಖಾಲಿ, ಐದು, ಏಳು: ಈ ಮೂರರಲ್ಲಿ ಧೀರಶಂಕರಾಭರಣದ ಏಳೂ ಸ್ವರಗಳು ಬಂದುಹೋದವು. ಮೂರೇ ಕಾರ್ಡಿನ ಸಾವಿರಾರು ಹಾಡುಗಳು ಜಗತ್ತಿನಲ್ಲಿರುವುದು ಇದರಿಂದಲೇ. ಗಾಯಕರು ಆರು ಮನೆಯಲ್ಲಿ ಹಾಡುತ್ತೇವೆಂದರೆ ಎಲ್ಲವನ್ನೂ ಎರಡು ಫ್ರೆಟ್ ಮುಂದೆ ಸರಿಸಿ, ಎರಡು, ಏಳು, ಒಂಬತ್ತು. ಮಾಮೂಲಿ ಗಿಟಾರ್‌ನಲ್ಲಿ ತಿಂಗಳುಗಟ್ಟಲೆ ಹಿಡಿಯುವ ಪಾಠ ಇಲ್ಲಿ ಒಂದು ಸಂಜೆಗೆ ಮುಗಿಯುತ್ತದೆ.

ಕಷ್ಟ ಶುರುವಾಗುವುದು ಅದರ ಮಾರನೇ ದಿನ. ಆದರೆ ಅಲ್ಲಿಗೆ ಹೋಗುವ ಮೊದಲು, ಇಂಥ ವಾದ್ಯ ನಮ್ಮ ನಾಡಿನಲ್ಲಿ ಇದ್ದೂ ಕಾರ್ಡಿನ ಗೊಡವೆಗೆ ಹೋಗಲಿಲ್ಲವೇಕೆ ಎಂಬುದನ್ನು ನೋಡಬೇಕು.

ಗಿಟಾರ್ ಮೇಲೆ ಉಕ್ಕು ಜಾರಿಸುವ ವಿದ್ಯೆಯನ್ನು ಜಗತ್ತಿಗೆ ಹಬ್ಬಿಸಿದ ಕೀರ್ತಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. 1880ರ ದಶಕದ ಕೊನೆಯಲ್ಲಿ, ಇನ್ನೂ ಹುಡುಗನಾಗಿದ್ದಾಗ, ರೈಲು ಹಳಿಯ ಪಕ್ಕ ಸಿಕ್ಕ ಬೋಲ್ಟನ್ನು ತಂತಿಗೆ ತಾಗಿಸಿ ನೋಡಿದನಂತೆ ಎಂಬುದು ಕಥೆ. ರೈಲಿನ ಋಣದಲ್ಲಿ ಹುಟ್ಟಿದ್ದು ಮದ್ದೂರು ವಡೆಯೊಂದೇ ಅಲ್ಲ! 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಹವಾಯಿ ಸಂಗೀತದ ಹುಚ್ಚು ಅಮೆರಿಕವನ್ನು ಹಿಡಿಯಿತು. ಗ್ರಾಮಫೋನ್ ತಟ್ಟೆಗಳ ಮೂಲಕ ಇತ್ತ ಕಡೆಗೂ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹವಾಯಿಯ ಟಾವ್ ಮೋ ಕುಟುಂಬ ಕೋಲ್ಕತ್ತಾದಲ್ಲಿ ನೆಲೆಸಿತ್ತು. ಬಂಗಾಳದಲ್ಲಿ ‘ಹವಾಯಿಯನ್ ಗಿಟಾರ್’ ಮನೆಮಾತಾಯಿತು. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. 1967ರಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ್ ಚೌರಾಸಿಯಾ ಅವರ ಜೊತೆ ಅವರು ಮಾಡಿದ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯನ್ನು ಕೇಳದ ಸಂಗೀತದ ಮನೆಗಳು ಕಡಿಮೆ. ಮುಂದೆ ವಿಶ್ವಮೋಹನ ಭಟ್ಟರು ಶ್ರುತಿಯ ಚಿಕಾರಿ, ಅನುರಣನದ ತರಬ್ ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿಕೊಂಡರು. ರೈ ಕೂಡರ್ ಜೊತೆಗಿನ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಬಂತು. ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆಯವರು ಸ್ಲೈಡ್ ಗಿಟಾರ್‌ನಲ್ಲಿ ಹಿಂದೂಸ್ತಾನಿ ನುಡಿಸುವುದನ್ನು ಅನೇಕರು ಕೇಳಿರಬಹುದು.

ದಕ್ಷಿಣದಲ್ಲಿ ಇದಕ್ಕೂ ಹಳೆಯದೊಂದು ಇತ್ತು: ಗೋಟುವಾದ್ಯ, ಈಗಿನ ಚಿತ್ರವೀಣೆ. ಮೆಟ್ಟಿಲುಗಳಿಲ್ಲದ ವೀಣೆ; ಮರದ ಕೊರಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವುದು. ಅದರ ಬಹುದೊಡ್ಡ ವಿದ್ವಾಂಸರಾದ ಗೋಟುವಾದ್ಯಂ ನಾರಾಯಣ ಅಯ್ಯಂಗಾರ್ ಅವರಿಗೆ ಮೈಸೂರು ಅರಮನೆಯ ಆಶ್ರಯವಿತ್ತು. ಅವರ ಮೊಮ್ಮಗ ಚಿತ್ರವೀಣಾ ರವಿಕಿರಣ್ ಹುಟ್ಟಿದ್ದು 1967ರಲ್ಲಿ ಮೈಸೂರಿನಲ್ಲೇ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅಲ್ಲಿಯವರೆಗೆ ನಾವೂ ಮೈಸೂರು ಜಿಲ್ಲೆಯವರೇ. ಹಾಗಾಗಿ ಸ್ಲೈಡ್ ನಮಗೆ ಪರದೇಶದ ಸರಕು ಎಂದು ಯಾರಾದರೂ ಅಂದರೆ ಒಪ್ಪಬೇಕಾಗಿಲ್ಲ.

ಆದರೆ ಚಿತ್ರವೀಣೆಯ ಮುಖ್ಯ ತಂತಿಗಳು ಸ ಮತ್ತು ಪ ಗಳಿಗೆ ಕೂಡಿರುತ್ತವೆ. ಗಾಂಧಾರದ ತಂತಿ ಅಲ್ಲಿಲ್ಲ. ಇರಲೂಬಾರದು, ಸಾಧಾರಣ ಗಾಂಧಾರದ ರಾಗಕ್ಕೆ, ಗಾಂಧಾರವೇ ಇಲ್ಲದ ರಾಗಕ್ಕೆ ಅದು ಅಡ್ಡ ಬರುತ್ತದೆ. ಗಿಟಾರನ್ನು ರಾಗಸಂಗೀತಕ್ಕೆ ಒಗ್ಗಿಸಿದ ಉತ್ತರದವರೂ ಮಾಡಿದ್ದು ಇದನ್ನೇ: ಸ್ವರ ನುಡಿಸಲು ಎರಡು ಮೂರು ತಂತಿ ಇಟ್ಟುಕೊಂಡು ಮಿಕ್ಕವನ್ನು ಶ್ರುತಿಗೂ ಅನುರಣನಕ್ಕೂ ಬಿಟ್ಟರು. ಅಂದರೆ ಕಾರ್ಡಿಗೆಂದೇ ಹೇಳಿ ಮಾಡಿಸಿದಂತಿದ್ದ ವಾದ್ಯ ಇಲ್ಲಿಗೆ ಬಂದು ಕಾರ್ಡನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂತು. ರಾಗಕ್ಕೆ ಅದು ಸರಿಯಾದ ನಿರ್ಧಾರ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯಗಳನ್ನು ಹಾಡುವ ಭಾವಗೀತೆಯ ವೇದಿಕೆಗೆ, ಗಣೇಶೋತ್ಸವದ ಆರ್ಕೆಸ್ಟ್ರಾಕ್ಕೆ, ಮಂಡ್ಯದ ಕರ್ನಾಟಕ ಸಂಘದಲ್ಲೋ ಕಲಾಮಂದಿರದಲ್ಲೋ ನಡೆಯುವ ಸುಗಮ ಸಂಗೀತಕ್ಕೆ ಹಾಗಲ್ಲ. ಅಲ್ಲಿ ಕಾರ್ಡ್ ಬೇಕು, ಜೊತೆಗೆ ರಾಗ ಕೆಡಬಾರದು. ಸ್ಲೈಡ್ ಕಲಿಯುವ ನಮ್ಮ ಹುಡುಗ ಸಿಕ್ಕಿಹಾಕಿಕೊಳ್ಳುವುದು ಈ ಎರಡರ ನಡುವೆ.

ಮೋಹನ ರಾಗವನ್ನೇ ತಗೊಳ್ಳಿ. ‘ವರವೀಣಾ’ ಗೀತೆ ಕಲಿತ ಮಕ್ಕಳಿಗೂ ಗೊತ್ತಿರುವ ರಾಗ: ಸ ರಿ ಗ ಪ ದ, ಐದೇ ಸ್ವರ. ಆ ಛಾಯೆಯ ಹಾಡೊಂದಕ್ಕೆ ಪುಸ್ತಕದ ಪ್ರಕಾರ ಮೂರು ಕಾರ್ಡ್ ಹೊಡೆದರೆ ಏನಾಗುತ್ತದೆ? ಖಾಲಿ ತಂತಿಯ ಸ-ಗ-ಪ ಸರಿ. ಐದನೇ ಫ್ರೆಟ್‌ಗೆ ಹೋದ ತಕ್ಷಣ ಮಧ್ಯಮ ನುಗ್ಗುತ್ತದೆ. ಏಳಕ್ಕೆ ಹೋದರೆ ನಿಷಾದ. ಹಾಡುವವರು ಎಚ್ಚರದಿಂದ ಬಿಟ್ಟ ಎರಡೂ ಸ್ವರಗಳನ್ನು ಪಕ್ಕದಲ್ಲಿ ಕೂತವನು ಒಂದೊಂದಾಗಿ ಎತ್ತಿ ತಂದು ಹಾಕಿದಂತಾಯಿತು. ಸಿನಿಮಾ ಸಂಗೀತ ಇದನ್ನು ಧಾರಾಳವಾಗಿ ಮಾಡುತ್ತದೆ, ಚೆನ್ನಾಗಿಯೂ ಮಾಡುತ್ತದೆ. ಆದರೆ ಬರೀ ಒಂದು ತಬಲಾ, ಒಂದು ಗಿಟಾರ್ ಇರುವ ಸಣ್ಣ ಬೈಠಕ್ಕಿನಲ್ಲಿ ಅದು ಕಿವಿಗೆ ರಾಚುತ್ತದೆ.

ಆರ್ಕೆಸ್ಟ್ರಾಗಳಲ್ಲಿ ಹಾರ್ಮೋನಿಯಂ ನುಡಿಸಿ ಹಣ್ಣಾದ ಹಿರಿಯರೊಬ್ಬರು ಇಂಥ ಹೊತ್ತಿನಲ್ಲಿ ಹೇಳುತ್ತಿದ್ದ ಮಾತು ಯಾವ ಪಠ್ಯಪುಸ್ತಕಕ್ಕಿಂತ ಕಡಿಮೆಯಿಲ್ಲ: ‘ಯಾಕ್ಲಾ ಮಗ, ಆರು ತಂತಿ ಅವೆ ಅಂತ ಆರುನ್ನೂವೆ ಕೆರೀತಿಯಾ? ಬೇಕಾದ್ದ ಮುಟ್ಟು, ಬ್ಯಾಡ್ದಿದ್ದ ಬುಡು.’

ಬೇಡದ್ದನ್ನು ಬಿಡುವುದು ಎಂದರೆ ಹೀಗೆ. ಐದನೇ ಫ್ರೆಟ್‌ನಲ್ಲಿ ಬಾರ್ ಇಟ್ಟು ಎರಡನೇ ಮತ್ತು ಮೊದಲನೇ ತಂತಿ ಎರಡನ್ನೇ ಮೀಟಿ. ಗಾಂಧಾರದ ತಂತಿ ಧೈವತ ಕೊಡುತ್ತದೆ, ಪಂಚಮದ ತಂತಿ ಮೇಲಿನ ಷಡ್ಜ. ಮಧ್ಯಮ ಇರುವುದು ಮೂರನೇ ತಂತಿಯಲ್ಲಿ. ಅದನ್ನು ಮುಟ್ಟಲೇ ಇಲ್ಲ. ಏಳನೇ ಫ್ರೆಟ್‌ನಲ್ಲಿ ಮೂರನೆಯದನ್ನೂ ಮೊದಲನೆಯದನ್ನೂ ಹೆಬ್ಬೆರಳು ಮಧ್ಯದ ಬೆರಳಿನಿಂದ ಒಟ್ಟಿಗೆ ಚಿವುಟಿ, ನಡುವಿನ ಎರಡನೇ ತಂತಿ ಬಿಡಿ: ಪಂಚಮ, ಮೇಲಿನ ರಿಷಭ. ನಿಷಾದ ಬಾಯಿ ಬಿಡಲಿಲ್ಲ. ಖಾಲಿಯಲ್ಲಿ ಸ-ಗ-ಪ, ಐದರಲ್ಲಿ ದ-ಸ, ಏಳರಲ್ಲಿ ಪ-ರಿ: ಮೋಹನದ ಐದೂ ಸ್ವರ, ಹೊರಗಿನದು ಒಂದೂ ಇಲ್ಲ. ಕೇಳುವವರಿಗೆ ಕಾರ್ಡ್ ಬದಲಾದದ್ದು ಗೊತ್ತಾಗುತ್ತದೆ, ರಾಗವೂ ಉಳಿಯುತ್ತದೆ. ಸ್ಲೈಡ್‌ನಲ್ಲಿ ಕಾರ್ಡ್ ಕಲಿಯುವುದೆಂದರೆ ಬಹುಪಾಲು ಇಂಥ ಜೋಡಿಗಳನ್ನು ಕಲಿಯುವುದು. ಆರು ತಂತಿಯ ಪೂರ್ಣ ಕಾರ್ಡ್ ಹಾಡಿನ ಮೊದಲಿಗೊಂದು, ಕೊನೆಗೊಂದು ಸಾಕು. ನಡುವೆ ಎರಡು ತಂತಿ, ಹೆಚ್ಚೆಂದರೆ ಮೂರು.

ಮೈನರ್ ಕಾರ್ಡಿನ ಗುಟ್ಟೂ ಇಲ್ಲೇ ಇದೆ. ಖಾಲಿ ಗಿಟಾರ್ ಮೇಜರ್‌ಗೆ ಕೂಡಿದೆ, ಬಾರ್ ನೇರವಾಗಿದೆ. ಎಲ್ಲಿಟ್ಟರೂ ಮೇಜರೇ ಬರುವುದು. ಹಾಗಾದರೆ ಎ ಮೈನರ್ ಎಲ್ಲಿಂದ ತರುವುದು? ಎರಡನೇ ತಂತಿಯನ್ನು ಅರೆಸ್ವರ ಇಳಿಸಿ ಸಾಧಾರಣ ಗಾಂಧಾರ ಮಾಡಿಕೊಳ್ಳುವುದು ಒಂದು ದಾರಿ. ಶಿವರಂಜನಿಯ ಛಾಯೆಯ ಹಾಡಿಗೆ ಹೀಗೆ ಮಾಡಲು ಮನಸ್ಸಾಗುತ್ತದೆ. ಆದರೆ ಆಗ ಐದನೇ ಫ್ರೆಟ್‌ನಲ್ಲಿ ಅದೇ ತಂತಿ ಶುದ್ಧ ಧೈವತ ನುಡಿಯುತ್ತದೆ. ಶಿವರಂಜನಿಯದು ಚತುಶ್ರುತಿ ಧೈವತ. ಒಂದು ಕಡೆ ಸರಿಮಾಡಲು ಹೋಗಿ ಇನ್ನೊಂದು ಕಡೆ ಕೆಟ್ಟಿತು. ಹಾಡು ಹಾಡಿಗೂ ಬಿರಡೆ ತಿರುಗಿಸುತ್ತ ಕೂತರೆ ನಿರೂಪಕರು ಮೈಕಿನಲ್ಲಿ ಇನ್ನೊಂದು ಚುಟುಕ ಹೇಳಬೇಕಾಗುತ್ತದೆ, ಅದು ಬೇರೆ ಶಿಕ್ಷೆ.

ನನಗೆ ಹಿಡಿಸಿದ ದಾರಿ ಜೋಡಿಯದೇ. ಮೂರನೇ ಮತ್ತು ಎರಡನೇ ತಂತಿ ಖಾಲಿ: ಸ-ಗ. ಅದೇ ಹೊತ್ತಿಗೆ ಬಾಸ್ ಗಿಟಾರ್‌ನವನೋ ಕೀಬೋರ್ಡ್‌ನ ಎಡಗೈಯೋ ಕೆಳಗೆ ಧೈವತ ಹಿಡಿದರೆ ದ-ಸ-ಗ ಆಯಿತು, ಅದು ಇ ಮೈನರ್. ನಿಮ್ಮ ಕೈ ಕದಲಲಿಲ್ಲ, ಕೆಳಗಿನ ಸ್ವರ ಬದಲಾಯಿತು, ಮೇಜರ್ ಹೋಗಿ ಮೈನರ್ ಬಂತು. ಐದನೇ ಫ್ರೆಟ್‌ನಲ್ಲಿ ಅದೇ ಎರಡು ತಂತಿ ಮ-ದ. ಕೆಳಗೆ ರಿಷಭ ಸೇರಿದರೆ ಎ ಮೈನರ್. ಒಬ್ಬರೇ ನುಡಿಸುವಾಗ ಇ ಮೈನರನ್ನು ಪೂರ್ತಿ ಹಿಡಿಯಲೂ ಉಪಾಯವುಂಟು: ಬಾರ್‌ನ ಮೂತಿಯನ್ನು ನಾಲ್ಕನೇ ತಂತಿಯೊಂದರ ಮೇಲೆ ಮಾತ್ರ ಎರಡನೇ ಫ್ರೆಟ್‌ನಲ್ಲಿಟ್ಟು, ಮೂರು ಮತ್ತು ಎರಡನೇ ತಂತಿಗಳನ್ನು ಖಾಲಿ ಬಿಡಿ. ದ, ಸ, ಗ. ಹಾಗೆಯೇ ಮೊದಲನೇ ತಂತಿಯ ಮೂರನೇ ಫ್ರೆಟ್‌ನಲ್ಲಿ ಮೂತಿ ತಾಗಿಸಿ ಉಳಿದೆರಡನ್ನು ಖಾಲಿ ಮೀಟಿದರೆ ಸ-ಗ ಮೇಲೆ ಕೈಶಿಕಿ ನಿಷಾದ ಬಂದು ಜಿ ಸೆವೆಂತ್‌ನ ಕೆಲಸ ಆಗುತ್ತದೆ. ಮಧ್ಯಮಕ್ಕೆ, ಅಂದರೆ ಸಿ ಕಾರ್ಡಿಗೆ ಹೋಗುವ ಮುನ್ನ ಅದನ್ನು ಒಮ್ಮೆ ಹಾಕಿ ನೋಡಿ. ಹಾಡು ತಾನೇ ಮುಂದಕ್ಕೆ ವಾಲುತ್ತದೆ.

ಬಾರ್ ಬಗ್ಗದಿದ್ದರೇನು, ಓರೆ ಮಾಡಬಹುದಲ್ಲ ಎಂದು ಚುರುಕಾದವರು ಕೇಳುತ್ತಾರೆ. ಮಾಡಬಹುದು. ಎರಡನೇ ತಂತಿಯ ಎಂಟನೇ ಫ್ರೆಟ್‌ನಲ್ಲಿ ಸ ಇದೆ, ಮೊದಲನೇ ತಂತಿಯ ಒಂಬತ್ತರಲ್ಲಿ ಗ. ಮೂತಿ ಕುದುರೆಯ ಕಡೆಗೆ ಒಂದು ಫ್ರೆಟ್ ಮುಂದೆ ಇರುವಂತೆ ಓರೆ ಹಿಡಿದರೆ ಎರಡೂ ಒಟ್ಟಿಗೆ ಸಿಗುತ್ತವೆ. ತೊಂದರೆ ಏನೆಂದರೆ ಫ್ರೆಟ್‌ಗಳ ನಡುವಿನ ಅಂತರ ಒಂದೇ ಸಮ ಇಲ್ಲ. ತಂತಿಯ ಉದ್ದ 635 ಮಿಲಿಮೀಟರ್ ಇರುವ ಗಿಟಾರ್‌ನಲ್ಲಿ ಒಂದನೇ ಫ್ರೆಟ್‌ನಿಂದ ಎರಡನೆಯದಕ್ಕೆ ಸುಮಾರು 34 ಮಿಲಿಮೀಟರ್. ಎಂಟರಿಂದ ಒಂಬತ್ತಕ್ಕೆ 22. ಹನ್ನೆರಡರಿಂದ ಹದಿಮೂರಕ್ಕೆ 18ಕ್ಕೂ ಸ್ವಲ್ಪ ಕಡಿಮೆ. ಅಂದರೆ ಹಿಂದೆ ಮುಂದೆ ಜರುಗಿದಂತೆಲ್ಲ ಓರೆಯ ಕೋನ ಬದಲಾಗುತ್ತಲೇ ಇರಬೇಕು. ಕಣ್ಣು ಇದನ್ನು ಲೆಕ್ಕ ಹಾಕುವುದಿಲ್ಲ, ಕಿವಿ ಹಾಕಬೇಕು. ಮೊದಲ ವರ್ಷ ಏಳನೇ ಫ್ರೆಟ್‌ನಿಂದ ಈಚೆ ಓರೆಯ ಸಹವಾಸ ಬೇಡ ಎಂಬುದು ನನ್ನ ಅಭಿಪ್ರಾಯ. ತಂತಿಗಳ ನಡುವೆ ಇರುವುದು ಒಂದು ಸೆಂಟಿಮೀಟರ್ ಜಾಗ. ಅಷ್ಟರಲ್ಲಿ 34 ಮಿಲಿಮೀಟರ್ ಓರೆ ತರುವ ಸರ್ಕಸ್ಸಿನಿಂದ ಯಾರಿಗೂ ಲಾಭವಿಲ್ಲ.

ಬಾರ್ ಹಿಡಿಯುವ ವಿಚಾರದಲ್ಲಿ ಎರಡೇ ಮಾತು. ಮಾಮೂಲಿ ಗಿಟಾರ್‌ನಲ್ಲಿ ಬೆರಳನ್ನು ಫ್ರೆಟ್ ಪಟ್ಟಿಯ ಹಿಂದೆ ಒತ್ತುತ್ತೇವೆ. ಆ ಅಭ್ಯಾಸ ಇಲ್ಲಿಗೂ ಬಂದರೆ ಎಲ್ಲ ಕಾರ್ಡೂ ಶ್ರುತಿಗಿಂತ ಒಂದು ಎಳೆ ಕೆಳಗೆ ಕೂರುತ್ತದೆ. ಬಾರ್ ಇರಬೇಕಾದ್ದು ಪಟ್ಟಿಯ ನೆತ್ತಿಯ ಮೇಲೇ. ಎರಡನೆಯದು, ಬಾರ್‌ನ ಹಿಂದೆ, ಬಿರಡೆಯ ಕಡೆ, ಉಂಗುರದ ಬೆರಳು ಕಿರುಬೆರಳು ತಂತಿಗಳ ಮೇಲೆ ಹಗುರವಾಗಿ ಮಲಗಿರಬೇಕು. ಬಾರ್‌ನ ಆಚೆಗಿನ ತಂತಿಯ ತುಂಡೂ ನುಡಿಯುತ್ತದಲ್ಲ, ಆ ಕಿರಿಕಿರಿಯನ್ನು ಅವು ನುಂಗುತ್ತವೆ. ವೀಣೆ ಕಲಿತವರಿಗೆ ಬೇಡದ ತಂತಿಯನ್ನು ಸುಮ್ಮನಾಗಿಸುವುದು ಗೊತ್ತು. ಅವರು ಸ್ಲೈಡ್‌ಗೆ ಬೇಗ ಒಗ್ಗುತ್ತಾರೆ.

ವಾದ್ಯ ಯಾವುದಿರಬೇಕು? ರೆಸೊನೇಟರ್, ಅಂದರೆ ಒಳಗೆ ಲೋಹದ ಶಂಕುವಿರುವ ಗಿಟಾರನ್ನೇ ಕೊಂಡು ಶುರುಮಾಡಬೇಕೆಂದಿಲ್ಲ. ಅದು ನಮ್ಮ ಊರುಗಳ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಮಾಲೂ ಅಲ್ಲ. ಮನೆಯಲ್ಲಿ ಧೂಳು ತಿನ್ನುತ್ತಿರುವ ಸಾಧಾರಣ ಗಿಟಾರ್ ಸಾಕು. ಬಿರಡೆಯ ಕಡೆಯ ನಟ್‌ನ ಮೇಲೆ ಕೂರಿಸುವ ಲೋಹದ ಪಟ್ಟಿ ಬರುತ್ತದೆ. ಅದು ತಂತಿಗಳನ್ನು ಎತ್ತರಿಸಿ ಬಾರ್ ಫ್ರೆಟ್‌ಗೆ ಬಡಿಯದಂತೆ ನೋಡಿಕೊಳ್ಳುತ್ತದೆ. ಒಂದೇ ಎಚ್ಚರಿಕೆ: ಅಮೆರಿಕದ ಡೊಬ್ರೊ (ಒಂದು ಬಗೆಯ ರೆಸೊನೇಟರ್) ವಾದಕರು ಬಳಸುವ ಜಿ-ಬಿ-ಡಿ-ಜಿ-ಬಿ-ಡಿ ಶ್ರುತಿಯನ್ನು ನೋಡಿ ಅದಕ್ಕೆ ಹಾರಬೇಡಿ. ಅದರಲ್ಲಿ ಆರನೇ ತಂತಿಯನ್ನು ಮೂರು ಅರೆಸ್ವರ, ಐದನೆಯದನ್ನು ಎರಡು ಅರೆಸ್ವರ ಬಿಗಿಯಬೇಕು. ಮಾಮೂಲಿ ತಂತಿ ಹರಿಯಬಹುದು. ಹರಿಯದಿದ್ದರೆ ಗಿಟಾರ್‌ನ ಕತ್ತು ಬಾಗಬಹುದು. ನಾನು ಮೊದಲು ಹೇಳಿದ ಶ್ರುತಿಯಲ್ಲಿ ಮೂರು ತಂತಿ ಸಡಿಲವಾಗುತ್ತವೆಯೇ ಹೊರತು ಯಾವುದೂ ಬಿಗಿಯಾಗುವುದಿಲ್ಲ.

ರೆಸೊನೇಟರ್ ಹುಟ್ಟಿದ್ದು ಗಟ್ಟಿ ದನಿಯ ಆಸೆಯಿಂದ. 1920ರ ದಶಕದ ಅಮೆರಿಕದಲ್ಲಿ ತುತ್ತೂರಿ, ಸ್ಯಾಕ್ಸೊಫೋನುಗಳ ಮಧ್ಯೆ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ಸ್ಲೊವಾಕಿಯಾ ಕಡೆಯಿಂದ ವಲಸೆ ಹೋಗಿದ್ದ ಜಾನ್ ಡೊಪಿಯೆರಾ ಎಂಬ ಕುಶಲಕರ್ಮಿ, ಜಾರ್ಜ್ ಬೋಶಾಂಪ್ ಎಂಬ ವಾದಕನ ಒತ್ತಾಯಕ್ಕೆ, ಕುದುರೆಯ ಕೆಳಗೆ ತೆಳ್ಳಗಿನ ಅಲ್ಯೂಮಿನಿಯಂ ಶಂಕುಗಳನ್ನು ಕೂರಿಸಿದ. ತಂತಿಯ ಕಂಪನ ಕುದುರೆಗೆ, ಕುದುರೆಯಿಂದ ಶಂಕುವಿಗೆ. ಧ್ವನಿವರ್ಧಕದ ಒಳಗಿನ ಕಾಗದದ ಶಂಕು ಮಾಡುವ ಕೆಲಸವನ್ನು ಇಲ್ಲಿ ಕರೆಂಟಿಲ್ಲದೆ ಲೋಹ ಮಾಡುತ್ತದೆ. 1927ರಲ್ಲಿ ಅವರ ನ್ಯಾಷನಲ್ ಕಂಪನಿಯ ಮೂರು ಶಂಕುಗಳ ಗಿಟಾರ್ ಬಂತು. ಮರುವರ್ಷ ಡೊಪಿಯೆರಾ ಸೋದರರು ಬೇರೆಯಾಗಿ ಡೊಬ್ರೊ ಶುರುಮಾಡಿದರು. ಅದೇ ಬೋಶಾಂಪ್ ಕೆಲವೇ ವರ್ಷಗಳಲ್ಲಿ ರಿಕನ್‌ಬ್ಯಾಕರ್ ಜೊತೆ ಸೇರಿ ಬಾಣಲೆಯಾಕಾರದ ಎಲೆಕ್ಟ್ರಿಕ್ ಗಿಟಾರ್ ತಂದ. ವ್ಯಾಪಾರಕ್ಕೆ ಬಂದು ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರ್ ಅದು. ಅದನ್ನೂ ತೊಡೆಯ ಮೇಲೆ ಮಲಗಿಸಿ ಉಕ್ಕು ಜಾರಿಸಿಯೇ ನುಡಿಸುತ್ತಿದ್ದರು. ಕರೆಂಟ್ ಬಂದ ಮೇಲೆ ಶಂಕುವಿನ ಕಾಲ ಮುಗಿಯಿತು ಎಂದುಕೊಂಡರು, ಮುಗಿಯಲಿಲ್ಲ. ಆ ಲೋಹದ ನಾದಕ್ಕೆ ಜನ ಮನಸೋತಿದ್ದರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿದ್ದು 1902ರಲ್ಲಿ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರಲ್ಲಿ. ಇಷ್ಟೆಲ್ಲ ಊರಿಗೆ ಬೆಳಕು ಕೊಟ್ಟ ಸೀಮೆಯಲ್ಲಿ ಹಾಡಿನ ನಡುವೆ ಕರೆಂಟ್ ಹೋಗಿ ಕೀಬೋರ್ಡ್ ಮೂಕವಾಗುವುದನ್ನು ನೋಡಿದವರಿಗೆ ರೆಸೊನೇಟರ್ ಏಕೆ ಬೇಕೆಂದು ವಿವರಿಸಬೇಕಿಲ್ಲ.

ಕೀಬೋರ್ಡ್ ಎಂದೊಡನೆ ಇನ್ನೊಂದು ಜಗಳ ನೆನಪಾಗುತ್ತದೆ, ಇದು ಪ್ರತಿ ವೇದಿಕೆಯಲ್ಲೂ ಇರುವುದು. ಸ್ಲೈಡ್‌ನವನು ಕಿವಿಗೆ ಇಂಪಾಗುವವರೆಗೆ ಶ್ರುತಿ ಮಾಡಿಕೊಂಡಿರುತ್ತಾನೆ. ಕೀಬೋರ್ಡ್‌ನವನ ಶ್ರುತಿ ಕಾರ್ಖಾನೆಯಲ್ಲೇ ಆಗಿರುತ್ತದೆ. ಇಬ್ಬರೂ ಜಿ ಮೇಜರ್ ಹಿಡಿದರೆ ಎಲ್ಲೋ ಏನೋ ನಡುಗುತ್ತದೆ. ನಡುಗುವುದು ಗಾಂಧಾರ. ಮೂರನೇ ತಂತಿಯ ಜಿ ಸೆಕೆಂಡಿಗೆ 196 ಬಾರಿ ಕಂಪಿಸುತ್ತದೆ. ಅದರ ಐದರಷ್ಟು 980. ಎರಡನೇ ತಂತಿಯ ಬಿ 245 ಕಂಪನಕ್ಕೆ ಕೂತರೆ ಅದರ ನಾಲ್ಕರಷ್ಟೂ 980. ಎರಡೂ ಒಂದರೊಳಗೊಂದು ಕರಗುತ್ತವೆ. ತಂಬೂರಿಯ ಸ್ವಯಂಭೂ ಗಾಂಧಾರ ಇದೇ. ಕೀಬೋರ್ಡ್‌ನ ಬಿ ಮಾತ್ರ ಸುಮಾರು 247. ಅದರ ನಾಲ್ಕರಷ್ಟು 988ರ ಹತ್ತಿರ. 980ಕ್ಕೂ 988ಕ್ಕೂ ನಡುವೆ ಸೆಕೆಂಡಿಗೆ ಎಂಟು ಬಾರಿ ತಿಕ್ಕಾಟ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಎಲ್ಲ ಶ್ರುತಿಗೂ ಒಂದೇ ಕೀಲಿಮಣೆ ಸಾಲುವಂತೆ ಮಾಡಿಕೊಂಡ ಒಪ್ಪಂದದ ಬೆಲೆ ಇದು. ಮಾಮೂಲಿ ಗಿಟಾರ್‌ನ ಫ್ರೆಟ್‌ಗಳೂ ಅದೇ ಒಪ್ಪಂದಕ್ಕೆ ಸಹಿ ಹಾಕಿವೆ. ಸ್ಲೈಡ್ ಹಾಕಿಲ್ಲ. ಅದರ ಫ್ರೆಟ್‌ಗಳು ಕಣ್ಣಿಗೆ ಗುರುತು, ಅಷ್ಟೆ. ಬಾರ್ ನೇರವಾಗಿರುವುದರಿಂದ ಖಾಲಿ ತಂತಿಗಳಲ್ಲಿ ಕೂಡಿದ ಶುದ್ಧ ಸ-ಗ-ಪ ಯಾವ ಫ್ರೆಟ್‌ಗೆ ಹೋದರೂ ಶುದ್ಧವಾಗಿಯೇ ಸಾಗುತ್ತದೆ. ಬಾರ್ ಬಗ್ಗುವುದಿಲ್ಲ ಎಂದು ಗೊಣಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾಗಿ ಕಾರ್ಯಕ್ರಮಕ್ಕೆ ಮುಂಚೆ ಕೀಬೋರ್ಡ್‌ನವರ ಹತ್ತಿರ ಹೋಗಿ, ‘ಅಣ್ಣ, ನಾನು ಕಾರ್ಡ್ ಹಿಡಿಯೋ ಕಡೆ ನೀವು ಗಾಂಧಾರ ಬಿಟ್ಟು ಸ-ಪ ಮಾತ್ರ ಹಿಡೀರಿ’ ಎಂದು ಕೇಳಿಕೊಳ್ಳಿ. ಅನುಭವಿಗಳಾದರೆ ನಕ್ಕು ಒಪ್ಪುತ್ತಾರೆ. ಒಪ್ಪದಿದ್ದರೆ ಎರಡನೇ ತಂತಿಯ ಬಿರಡೆಯನ್ನು ಒಂದು ಕೂದಲೆಳೆಯಷ್ಟು ಬಿಗಿದು 247ಕ್ಕೆ ತಂದುಕೊಳ್ಳಿ. ಕೀಬೋರ್ಡ್ ಇಲ್ಲದ ಹಾಡು ಬಂದಾಗ ಮತ್ತೆ ಇಳಿಸಿದರಾಯಿತು.